ಶಿಲುಬೆಯೇ ಬೀಗವಾಗಿರುವ ಕೋಟೆ: ಒಂದು ಭಯಾನಕ ಚಿತ್ರ ಮತ್ತು ಮೇಜಿನ ಸುತ್ತಲಿನ ಆಟ

ಭೂತದ ಕೋಟೆಯ ಕಥೆಗಳಲ್ಲಿ ದೇವರು ಸಾಮಾನ್ಯವಾಗಿ ಕೊನೆಯ ಅಂಕದಲ್ಲಿ ಬರುತ್ತಾನೆ. ಯಾರೋ ಶಿಲುಬೆಯನ್ನು ಎತ್ತಿ ಹಿಡಿಯುತ್ತಾರೆ, ಯಾರೋ ಪ್ರಾರ್ಥನೆ ಹೇಳುತ್ತಾರೆ, ದುಷ್ಟಶಕ್ತಿ ಹಿಮ್ಮೆಟ್ಟುತ್ತದೆ, ಚಿತ್ರ ಮುಗಿಯುತ್ತದೆ. ನಾನು ಇಂದು ಎತ್ತಿಕೊಂಡಿರುವ ಚಿತ್ರದಲ್ಲಿ ಶಿಲುಬೆಗಳು ಆರಂಭದ ದೃಶ್ಯಗಳಲ್ಲೇ ಗೋಡೆಯ ತುಂಬ ಕಾಣಿಸುತ್ತವೆ. ಅನಾಹುತ ಶುರುವಾಗುವುದು ಅವುಗಳಲ್ಲಿ ಒಂದನ್ನು ಕಿತ್ತಾಗ. ಈ ಒಂದು ವ್ಯತ್ಯಾಸದಿಂದ ಪಾತ್ರಾಭಿನಯದ ಆಟ ಆಡಿಸುವವರು ಕಲಿಯಬಹುದಾದದ್ದು ಬಹಳಷ್ಟಿದೆ ಎಂಬುದು ನನ್ನ ವಾದ. ಮೇಜಿನ ಸುತ್ತ ಕುಳಿತವರು ತಲಾ ಒಂದು ಪಾತ್ರ ವಹಿಸಿ, ಮಾತು ಮತ್ತು ದಾಳಗಳಿಂದ ಕಥೆ ನಡೆಸುವ ಆಟ ಇದು; ಉಳಿದ ಲೋಕವನ್ನೆಲ್ಲ ನಡೆಸುವವರು ಆಡಿಸುವವರು, ಅಂದರೆ ಗೇಮ್ ಮಾಸ್ಟರ್.

ಚಿತ್ರದ ಹೆಸರು 'ದಿ ಕೀಪ್'. 1983ರ ಡಿಸೆಂಬರಿನಲ್ಲಿ ತೆರೆಕಂಡ ಇದನ್ನು ಮೈಕಲ್ ಮನ್ ನಿರ್ದೇಶಿಸಿದರು, ಎಫ್. ಪಾಲ್ ವಿಲ್ಸನ್ ಅವರ 1981ರ ಕಾದಂಬರಿ ಇದಕ್ಕೆ ಆಧಾರ. ಕಥೆ ನಡೆಯುವುದು 1941ರಲ್ಲಿ, ರೊಮೇನಿಯಾದ ಕಾರ್ಪೇಥಿಯನ್ ಪರ್ವತಗಳ ಒಂದು ಕಣಿವೆಯಲ್ಲಿ. ಅಲ್ಲಿನ ಹಳೆಯ ಕೋಟೆಯೊಂದರಲ್ಲಿ ಜರ್ಮನ್ ಸೇನೆಯ ತುಕಡಿ ಬೀಡುಬಿಡುತ್ತದೆ. ಕೋಟೆಯನ್ನು ನೋಡಿಕೊಳ್ಳುವ ಸ್ಥಳೀಯನೊಬ್ಬನಿದ್ದಾನೆ. ರಾತ್ರಿ ಇಲ್ಲಿ ಯಾರೂ ತಂಗುವುದಿಲ್ಲ ಎನ್ನುತ್ತಾನೆ. ಜನರನ್ನು ಓಡಿಸುವುದೇನು ಎಂದು ಕ್ಯಾಪ್ಟನ್ ಕೇಳಿದರೆ ಅವನು ಕೊಡುವ ಉತ್ತರ, ಕನಸುಗಳು. ಆಟ ಆಡಿಸುವವರು ಈ ಉತ್ತರವನ್ನು ಗಮನಿಸಬೇಕು. ಅವನು ದೆವ್ವದ ಹೆಸರು ಹೇಳುವುದಿಲ್ಲ, ಹಿಂದೆ ಸತ್ತವರ ಕಥೆ ಹೇಳುವುದಿಲ್ಲ. ಎಷ್ಟೋ ಆಟಗಳಲ್ಲಿ ಹಳ್ಳಿಯ ಮುದುಕನೊಬ್ಬ ಮೊದಲ ಹದಿನೈದು ನಿಮಿಷದಲ್ಲೇ ಕೋಟೆಯ ಇತಿಹಾಸವನ್ನೆಲ್ಲ ಒಪ್ಪಿಸಿಬಿಡುತ್ತಾನೆ, ಆಮೇಲೆ ಆಟಗಾರರಿಗೆ ಉಳಿಯುವುದು ಹೋಗಿ ಕೊಂದು ಬರುವ ಕೆಲಸ ಮಾತ್ರ.

ಇದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯ ಚಿತ್ರ ಎಂದು ನಾನು ಹೇಳಲಾರೆ. ಮನ್ ಮೊದಲು ಸಿದ್ಧಪಡಿಸಿದ ರೂಪ ಮೂರೂವರೆ ಗಂಟೆಯಷ್ಟು ಇತ್ತು. ನಿರ್ಮಾಣ ಸಂಸ್ಥೆ ಅದನ್ನು ಸುಮಾರು 96 ನಿಮಿಷಕ್ಕೆ ಇಳಿಸಿತು. ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ನಡುವೆ ಏನೋ ಕಳೆದುಹೋಗಿದೆ ಎನ್ನಿಸುವುದು ಅದರಿಂದಲೇ. ಗಲ್ಲಾಪೆಟ್ಟಿಗೆಯಲ್ಲಿಯೂ ಚಿತ್ರ ಸೋತಿತು. ಆದರೆ ಟ್ಯಾಂಜರೀನ್ ಡ್ರೀಮ್ ತಂಡದ ಸಂಗೀತ, ಮಂಜು, ಕಲ್ಲು, ಬೆಳಕು ಇವೆಲ್ಲ ಸೇರಿ ಕಟ್ಟುವ ವಾತಾವರಣ ಬಹಳ ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ. ಪರ್ವತದ ಕಣಿವೆಯೆಂದು ನಾವು ನಂಬುವ ಜಾಗ ವಾಸ್ತವವಾಗಿ ವೇಲ್ಸ್‌ನ ಪಾಳುಬಿದ್ದ ಸ್ಲೇಟ್ ಕಲ್ಲಿನ ಕ್ವಾರಿ ಎಂಬುದನ್ನು ತಿಳಿದ ಮೇಲೂ ನನಗೆ ಅದು ಕ್ವಾರಿಯಂತೆ ಕಂಡಿಲ್ಲ.

ಈಗ ಕೋಟೆಯ ಒಳಗೆ ಬರೋಣ. ಕ್ಯಾಪ್ಟನ್ ಬಂದವನೇ ಕಟ್ಟಡವನ್ನು ಸೈನಿಕನ ಕಣ್ಣಿನಿಂದ ಅಳೆಯುತ್ತಾನೆ, ಅವನಿಗೆ ಒಂದು ವಿಚಿತ್ರ ಕಾಣಿಸುತ್ತದೆ. ಯಾವ ಕೋಟೆಯಲ್ಲಾದರೂ ದೊಡ್ಡ ಬಂಡೆಗಳು ಹೊರಮೈಗೆ ಇರಬೇಕು, ಏಕೆಂದರೆ ಶತ್ರು ಬರುವುದು ಹೊರಗಿನಿಂದ. ಇಲ್ಲಿ ಸಣ್ಣ ಕಲ್ಲುಗಳು ಹೊರಗಿವೆ, ಭಾರೀ ಬಂಡೆಗಳು ಒಳಗಿವೆ. ಕೋಟೆಯನ್ನು ತಿರುಗುಮುರುಗಾಗಿ ಕಟ್ಟಿದ್ದಾರೆ. ಇದು ಏನನ್ನೋ ಹೊರಗಿಡಲು ಕಟ್ಟಿದ್ದಲ್ಲ, ಏನನ್ನೋ ಒಳಗೇ ಹಿಡಿದಿಡಲು ಕಟ್ಟಿದ್ದು ಎಂಬುದು ನೋಡುಗನಿಗೆ ಥಟ್ಟನೆ ಹೊಳೆಯುತ್ತದೆ. ಯಾರೂ ಸಾಯುವ ಮೊದಲೇ, ಒಂದು ಹನಿ ರಕ್ತ ಕಾಣುವ ಮೊದಲೇ, ಕಲ್ಲು ಜೋಡಿಸಿದ ರೀತಿಯೊಂದರಿಂದಲೇ ಭಯ ಹುಟ್ಟುತ್ತದೆ. ನಿಮ್ಮ ಆಟದ ನಕ್ಷೆಯಲ್ಲಿ ಇಂಥ ಒಂದು ವಿವರವಿದ್ದರೆ ಸಾಕು. ಚಿಲಕ ಕೋಣೆಯ ಹೊರಬದಿಗಿರುವ ಪ್ರಾರ್ಥನಾಮಂದಿರ, ಬಾಣ ಬಿಡುವ ಕಿಂಡಿಗಳು ಅಂಗಳದ ಕಡೆಗೇ ಮುಖಮಾಡಿರುವ ಬುರುಜು. ಆಟಗಾರರಿಗೆ ವಿವರಣೆ ಬೇಡ, ಕಂಡದ್ದನ್ನು ಮಾತ್ರ ಹೇಳಿ. ಮೇಜಿನ ಸುತ್ತ ಕುಳಿತವರಲ್ಲಿ ಯಾರಾದರೊಬ್ಬರು ಅದನ್ನು ಜೋಡಿಸಿಕೊಳ್ಳುತ್ತಾರೆ, ಮತ್ತು ತಾನೇ ಕಂಡುಕೊಂಡ ಭಯ ನೀವು ವರ್ಣಿಸಿದ ಯಾವ ಭಯಕ್ಕಿಂತಲೂ ದೊಡ್ಡದಾಗಿರುತ್ತದೆ.

ಗೋಡೆಗಳಲ್ಲಿ ಶಿಲುಬೆಯಾಕಾರದ 108 ಲೋಹದ ಗುರುತುಗಳಿವೆ. ಅವು ನಿಕ್ಕಲ್‌ನವು, ಬೆಲೆಬಾಳುವಂಥವಲ್ಲ. ಮುಟ್ಟಬೇಡಿ ಎಂಬ ಎಚ್ಚರಿಕೆಯೂ ಸಿಗುತ್ತದೆ. ರಾತ್ರಿ ಕಾವಲಿಗೆ ನಿಂತ ಸೈನಿಕನೊಬ್ಬನಿಗೆ ಅವುಗಳಲ್ಲೊಂದು ಬೆಳ್ಳಿಯದೆಂಬ ನಂಬಿಕೆ ಬಲಿಯುತ್ತದೆ. ಅವನು ಸಂಗಾತಿಯನ್ನು ಕರೆದುಕೊಂಡು ಅದನ್ನು ಮೀಟುತ್ತಾನೆ. ಬಂಡೆ ಹೊರಬರುತ್ತದೆ, ಹಿಂದೆ ಇಕ್ಕಟ್ಟಾದ ದಾರಿ ಕಾಣುತ್ತದೆ. ಅವನು ತೆವಳಿಕೊಂಡು ಒಳಗೆ ಹೋಗುತ್ತಾನೆ. ಇಲ್ಲಿ ಕ್ಯಾಮೆರಾ ಹಿಂದಕ್ಕೆ ಸರಿಯತೊಡಗುತ್ತದೆ, ಸರಿಯುತ್ತಲೇ ಹೋಗುತ್ತದೆ. ಸೈನಿಕನ ದೀಪ ಒಂದು ಚುಕ್ಕಿಯಾಗುತ್ತದೆ, ಅದರ ಸುತ್ತ ಕೋಟೆಯ ಹೊಟ್ಟೆಯಲ್ಲಿ ಹಿಡಿಸಲಾರದಷ್ಟು ದೊಡ್ಡ ಕತ್ತಲೆ ತೆರೆದುಕೊಳ್ಳುತ್ತದೆ. ಆ ಸೈನಿಕ ಜೀವಂತವಾಗಿ ಮರಳುವುದಿಲ್ಲ. ಈ ಚಿತ್ರದಲ್ಲಿ ಒಂದೇ ದೃಶ್ಯವನ್ನು ನೋಡುವಷ್ಟು ಸಮಯವಿದ್ದರೆ ಇದನ್ನು ನೋಡಿ.

ಆ ಇಬ್ಬರು ಸೈನಿಕರು ಯಾರೆಂಬುದನ್ನು ನೀವು ಆಗಲೇ ಗುರುತಿಸಿರುತ್ತೀರಿ. ಅವರು ನಮ್ಮ ಆಟಗಾರರು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟವಾದಾಗ, ಹೊರಗೆ ತಂದ ನಿಧಿಯ ಬೆಲೆಗೆ ತಕ್ಕಂತೆ ಪಾತ್ರಕ್ಕೆ ಅನುಭವದ ಅಂಕ, ಅಂದರೆ ಅದನ್ನು ಮೇಲಿನ ಮಟ್ಟಕ್ಕೆ ಏರಿಸುವ ಅಂಕ, ಸಿಗುವುದೇ ನಿಯಮವಾಗಿತ್ತು. ನೆಲಮಾಳಿಗೆಯ ಗೋಡೆಯಲ್ಲಿ ಹೊಳೆಯುವ ವಸ್ತು ಕಂಡರೆ ಅದನ್ನು ಕೀಳುವುದು ಈ ಆಟದ ಸಂಸ್ಕಾರದಲ್ಲೇ ಇದೆ. ಆಟ ಅರ್ಧ ಶತಮಾನ ಅದನ್ನು ಕಲಿಸಿದೆ. ಆದ್ದರಿಂದ ನೀವು ಆಟಗಾರರನ್ನು ಯಾವ ಬಲೆಗೂ ದೂಡಬೇಕಾಗಿಲ್ಲ. ಪವಿತ್ರ ವಸ್ತುವನ್ನು ಕಣ್ಣೆದುರು ಇಡಿ, ಮುಟ್ಟಬಾರದೆಂದು ಒಬ್ಬರಿಂದ ಹೇಳಿಸಿ, ಅದಕ್ಕೆ ಸ್ವಲ್ಪ ಬೆಲೆ ಕೊಡಿ. ಉಳಿದದ್ದನ್ನು ಅವರೇ ಮಾಡಿಕೊಳ್ಳುತ್ತಾರೆ. ಎಚ್ಚರಿಕೆಯನ್ನು ಮಾತ್ರ ಪ್ರಾಮಾಣಿಕವಾಗಿ ಕೊಟ್ಟಿರಬೇಕು. ತಿಳಿಸದೆ ಶಿಕ್ಷಿಸಿದರೆ ಆಟಗಾರರಿಗೆ ಬರುವುದು ಸಿಟ್ಟು. ತಿಳಿಸಿಯೂ ಅವರೇ ಕಿತ್ತರೆ ಬರುವುದು ಭಯ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹಳೆಯ ಸಂಗತಿಯೊಂದನ್ನು ಹೇಳಬೇಕು, ಏಕೆಂದರೆ ಧರ್ಮ ಮತ್ತು ಭೂತದ ಕೋಟೆ ಈ ಆಟಗಳಿಗೆ ಬಂದದ್ದೇ ಸಿನಿಮಾದಿಂದ. 1970ರ ದಶಕದ ಆರಂಭದಲ್ಲಿ ಆರ್ನೆಸನ್ ಮಿನೆಸೋಟಾದಲ್ಲಿ ತಮ್ಮ ಗೆಳೆಯರಿಗಾಗಿ 'ಬ್ಲ್ಯಾಕ್‌ಮೂರ್' ಎಂಬ ಕಲ್ಪಿತ ನಾಡಿನ ಆಟ ಆಡಿಸುತ್ತಿದ್ದರು. ಅದರ ಕೇಂದ್ರದಲ್ಲಿದ್ದದ್ದು ಒಂದು ಕೋಟೆ ಮತ್ತು ಅದರ ಕೆಳಗಿನ ನೆಲಮಾಳಿಗೆಗಳು. ಆ ಬಳಗದಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತಪಿಶಾಚಿಯಾಗಿ, ಸರ್ ಫ್ಯಾಂಗ್ ಎಂಬ ಹೆಸರಿನಿಂದ, ಉಳಿದವರಿಗೆ ತಡೆಯಲಾಗದಷ್ಟು ಬಲವಾಗಿ ಬೆಳೆಯಿತು. ಅದನ್ನು ಎದುರಿಸಲು ಹುಟ್ಟಿದ್ದು ಕ್ಲೆರಿಕ್ ಎಂಬ ಪಾತ್ರವರ್ಗ, ಅಂದರೆ ದೈವಬಲದಿಂದ ಪ್ರೇತಗಳನ್ನು ಓಡಿಸುವ ಪುರೋಹಿತ. ಅದರ ಮಾದರಿ, ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ ಭಯಾನಕ ಚಿತ್ರಗಳಲ್ಲಿ ಶಿಲುಬೆ ಹಿಡಿದು ರಕ್ತಪಿಶಾಚಿಗಳನ್ನು ಬೇಟೆಯಾಡುವ ವಿದ್ವಾಂಸ. 1974ರ ನಿಯಮಗಳಲ್ಲಿ ಇದ್ದದ್ದು ಮೂರೇ ವರ್ಗಗಳು, ಹೋರಾಟಗಾರ, ಮಾಂತ್ರಿಕ ಮತ್ತು ಕ್ಲೆರಿಕ್. ಮೂರನೆಯದು ನೇರವಾಗಿ ಭೂತದ ಕೋಟೆಯ ಬೆಳ್ಳಿತೆರೆಯಿಂದ ಇಳಿದುಬಂದದ್ದು.

ಹ್ಯಾಮರ್‌ನ 1958ರ 'ಡ್ರಾಕುಲಾ' ಚಿತ್ರದ ಕೊನೆಯನ್ನು ನೆನಪಿಸಿಕೊಳ್ಳಿ. ಪೀಟರ್ ಕುಶಿಂಗ್ ವಹಿಸಿದ ವ್ಯಾನ್ ಹೆಲ್ಸಿಂಗ್ ಕೋಟೆಯೊಳಗೆ ಡ್ರಾಕುಲಾನೊಂದಿಗೆ ಸೆಣಸಿ ಸೋಲುವ ಹಂತಕ್ಕೆ ಬಂದಿದ್ದಾನೆ. ಮೇಜಿನ ಮೇಲೆ ಜಿಗಿದು ಓಡಿ ಕಿಟಕಿಯ ಪರದೆಯನ್ನು ಎಳೆದು ಕೆಡವುತ್ತಾನೆ, ಬಿಸಿಲು ಒಳನುಗ್ಗುತ್ತದೆ. ಆ ಗಳಿಗೆಯಲ್ಲಿ ಅವನು ಕೈಗೆ ಸಿಕ್ಕ ಎರಡು ಮೇಣದಬತ್ತಿಯ ಕಂಬಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡುತ್ತಾನೆ. ಅಲ್ಲಿ ಶಿಲುಬೆ ಎಂಬುದು ಅವನು ಆ ಕ್ಷಣದಲ್ಲಿ ಮಾಡಿದ ಕೃತ್ಯ, ಜೇಬಿನಲ್ಲಿಟ್ಟುಕೊಂಡು ಬಂದ ಸಲಕರಣೆಯಲ್ಲ. ಇದೇ ದೃಶ್ಯ ಆಟದ ಪುಸ್ತಕಕ್ಕೆ ಬಂದಾಗ ಒಂದು ಕೋಷ್ಟಕವಾಯಿತು. ಕ್ಲೆರಿಕ್‌ನ ಮಟ್ಟ ಒಂದು ಬದಿಗೆ, ಪ್ರೇತದ ವರ್ಗ ಇನ್ನೊಂದು ಬದಿಗೆ, ಎರಡು ದಾಳ ಉರುಳಿಸಿ ಸಂಖ್ಯೆ ನೋಡುವುದು. ಆಟವಾಗಿ ಇದು ಅಚ್ಚುಕಟ್ಟಾದ ನಿಯಮ, ನಾನು ಇದನ್ನು ಹಳಿಯುವುದಿಲ್ಲ. ಆದರೆ ಕೋಷ್ಟಕ ಬಂದಲ್ಲಿ ಭಯ ಉಳಿಯುವುದು ಕಷ್ಟ. ಎಂಟನೆಯ ಮಟ್ಟದ ಕ್ಲೆರಿಕ್ ಇರುವ ತಂಡಕ್ಕೆ ಅಸ್ಥಿಪಂಜರಗಳು ತುಂಬಿದ ಸಮಾಧಿಗೃಹವೆಂದರೆ ಗುಡಿಸಿ ಹಾಕಬೇಕಾದ ಕೋಣೆ, ಅಷ್ಟೆ.

ಕಾಕತಾಳೀಯವಾಗಿ 'ದಿ ಕೀಪ್' ಬಂದ ವರ್ಷವೇ, 1983ರಲ್ಲಿ, ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಯ 'ರೇವನ್‌ಲಾಫ್ಟ್' ಎಂಬ, 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಆಡಿಸಲು ಸಿದ್ಧಪಡಿಸಿದ ಸಾಹಸಕಥೆಯೂ ಪ್ರಕಟವಾಯಿತು. ಅದರಲ್ಲಿಯೂ ಕೋಟೆಯಿದೆ, ಸ್ಟ್ರಾಡ್ ಎಂಬ ರಕ್ತಪಿಶಾಚಿ ದೊರೆಯಿದ್ದಾನೆ, ಪವಿತ್ರ ಲಾಂಛನವೊಂದಿದೆ. ಆದರೆ ಆ ಲಾಂಛನ ಕೋಟೆಯ ಯಾವ ಮೂಲೆಯಲ್ಲಿದೆ ಎಂಬುದನ್ನು, ದೊರೆಯ ಉದ್ದೇಶವೇನೆಂಬುದನ್ನು, ಆಟದ ನಡುವೆ ಭವಿಷ್ಯ ಹೇಳುವವಳು ಬಿಚ್ಚುವ ಇಸ್ಪೀಟಿನಂಥ ಎಲೆಗಳು ತೀರ್ಮಾನಿಸುತ್ತವೆ. ಆಡಿಸುವವನೇ ಎರಡನೆಯ ಬಾರಿ ಆಡಿಸಿದರೂ ಉತ್ತರ ಬೇರೆಯಾಗಬಹುದು. ಪವಿತ್ರವಾದದ್ದು ಎಲ್ಲಿದೆ ಎಂದು ಹುಡುಕಬೇಕಾದ ಸ್ಥಿತಿಯನ್ನು ಅದು ಆಟಕ್ಕೆ ಮರಳಿ ತಂದಿತು.

ಮತ್ತೆ ನಮ್ಮ ಚಿತ್ರಕ್ಕೆ. ಸೈನಿಕರು ಒಬ್ಬೊಬ್ಬರಾಗಿ ಸಾಯತೊಡಗಿದಾಗ ನಾಜಿ ಪಕ್ಷದ ಸಶಸ್ತ್ರ ಸಂಘಟನೆಯಾದ ಎಸ್‌ಎಸ್‌ನ ಅಧಿಕಾರಿಯೊಬ್ಬ ತನ್ನ ಪಡೆಯೊಂದಿಗೆ ಬರುತ್ತಾನೆ. ಗೋಡೆಯ ಮೇಲೆ ಯಾರಿಗೂ ಓದಲಾಗದ ಬರಹ ಮೂಡಿರುತ್ತದೆ. ಅದನ್ನು ಓದಬಲ್ಲವನು ಪ್ರೊಫೆಸರ್ ಕೂಜಾ ಎಂಬ ಯಹೂದಿ ಇತಿಹಾಸಕಾರ ಮಾತ್ರ ಎಂದು ಹಳ್ಳಿಯ ಪಾದ್ರಿ ಹೇಳುತ್ತಾನೆ; ಗೆಳೆಯನನ್ನು ನಾಜಿಗಳ ಸೆರೆಯಿಂದ ಬಿಡಿಸಿ ತರಲು ಅವನಿಗೆ ಸಿಕ್ಕ ದಾರಿ ಅದೊಂದೇ. ರೋಗದಿಂದ ಗಾಲಿಕುರ್ಚಿ ಹಿಡಿದಿರುವ ಕೂಜಾ ಮಗಳೊಂದಿಗೆ ಕೋಟೆಗೆ ಬರುತ್ತಾನೆ. ಇಯಾನ್ ಮೆಕೆಲನ್ ಈ ಪಾತ್ರ ಮಾಡಿದ್ದಾರೆ. ಒಳಗಿರುವ ಶಕ್ತಿ, ಮೊಲಸಾರ್, ಅವನ ಮಗಳನ್ನು ಸೈನಿಕರಿಂದ ಕಾಪಾಡುತ್ತದೆ, ಅವನ ರೋಗವನ್ನು ಗುಣಪಡಿಸುತ್ತದೆ, ನಾಜಿಗಳನ್ನು ನಾಶಮಾಡುವೆನೆಂದು ಮಾತು ಕೊಡುತ್ತದೆ. ಪ್ರತಿಯಾಗಿ ಕೇಳುವುದು ಒಂದೇ ಕೆಲಸ: ಒಂದು ವಸ್ತುವನ್ನು ಕೋಟೆಯಿಂದ ಹೊರಗೆ ಒಯ್ಯಬೇಕು.

ಮೇಜಿನ ಆಟಕ್ಕೆ ಇದಕ್ಕಿಂತ ಉತ್ತಮವಾದ ಬಿಕ್ಕಟ್ಟನ್ನು ನಾನು ಬೇರೆ ಯಾವ ಕೋಟೆಯ ಚಿತ್ರದಲ್ಲೂ ಕಂಡಿಲ್ಲ. ದುಷ್ಟಶಕ್ತಿಯ ಕೈಯಲ್ಲಿ ನಿಜವಾದ ಕೊಡುಗೆಯಿದೆ. ಅದು ಸುಳ್ಳು ಆಮಿಷವಲ್ಲ; ಕೂಜಾ ನಿಜವಾಗಿಯೂ ಎದ್ದು ನಡೆಯುತ್ತಾನೆ, ಸಾಯುವವರು ನಿಜವಾಗಿಯೂ ಕೊಲೆಗಾರರು. ಗೇಮ್ ಮಾಸ್ಟರ್‌ಗಳು ಸಾಮಾನ್ಯವಾಗಿ ಇಲ್ಲಿ ಜಿಪುಣರಾಗುತ್ತಾರೆ. ಪಿಶಾಚಿ ಕೊಡುವ ವರದಲ್ಲಿ ಮೊದಲೇ ಹುಳುಕು ಇಟ್ಟಿರುತ್ತಾರೆ, ಆಟಗಾರರು ಅದನ್ನು ಮೂಸಿ ನೋಡಿಯೇ ನಿರಾಕರಿಸುತ್ತಾರೆ, ಯಾರ ಮನಸ್ಸೂ ಅಲುಗುವುದಿಲ್ಲ. ವರ ನಿಜವಾಗಿರಲಿ. ಕೈ ಕಳೆದುಕೊಂಡ ಪಾತ್ರಕ್ಕೆ ಕೈ ಬರಲಿ, ಹಿಂಬಾಲಿಸಿದ ಸೈನ್ಯ ನಿಜವಾಗಿಯೂ ನಾಶವಾಗಲಿ. ಆಗ ಮೇಜಿನ ಸುತ್ತ ಜಗಳ ಶುರುವಾಗುತ್ತದೆ, ಆಟಗಾರರು ನಿಮ್ಮನ್ನು ಮರೆತು ಪರಸ್ಪರ ವಾದಿಸತೊಡಗುತ್ತಾರೆ.

ಕಾದಂಬರಿಯಲ್ಲಿ ಕೂಜಾನ ಸಂಕಟ ಇನ್ನೂ ಆಳಕ್ಕೆ ಹೋಗುತ್ತದೆ. ಆ ಶಕ್ತಿ ಶಿಲುಬೆಗೆ ಹೆದರುವುದನ್ನು ಅವನು ಕಣ್ಣಾರೆ ನೋಡುತ್ತಾನೆ. ಹಾಗಾದರೆ ತಾನೂ ತನ್ನ ಪೂರ್ವಿಕರೂ ನಂಬಿದ್ದು ತಪ್ಪೇ, ಸತ್ಯ ಇನ್ನೊಬ್ಬರ ಧರ್ಮದಲ್ಲಿತ್ತೇ ಎಂಬ ಪ್ರಶ್ನೆ ಅವನನ್ನು ಒಳಗಿನಿಂದ ಕೊರೆಯುತ್ತದೆ. ಕೊನೆಗೆ ತಿಳಿಯುವುದೇನೆಂದರೆ ಗೋಡೆಯ ಮೇಲಿನ ಗುರುತುಗಳು ಶಿಲುಬೆಗಳೇ ಅಲ್ಲ. ಆ ಶಕ್ತಿಯನ್ನು ಸೆರೆಹಿಡಿದ ಖಡ್ಗದ ಹಿಡಿಕೆಯ ಆಕಾರ ಅವು. ಅದು ಹೆದರುತ್ತಿದ್ದದ್ದು ಯಾವ ಮತಕ್ಕೂ ಅಲ್ಲ. ಪವಿತ್ರ ಚಿಹ್ನೆ ಕೆಲಸ ಮಾಡುತ್ತದೆ, ಆದರೆ ನೋಡುವವರು ಊಹಿಸಿದ ಕಾರಣಕ್ಕಲ್ಲ. ಆಟ ಆಡಿಸುವವರಿಗೆ ಈ ಅಂತರವೇ ಬಂಡವಾಳ. ಚಿಹ್ನೆಯ ಹಿಂದಿನ ಸತ್ಯವನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಿ, ಆಟಗಾರರಿಗೆ ಪರಿಣಾಮವನ್ನಷ್ಟೇ ತೋರಿಸಿ. ಅವರ ಪಾತ್ರಗಳು ತಮ್ಮ ತಮ್ಮ ನಂಬಿಕೆಗೆ ತಕ್ಕ ಕಾರಣ ಕಟ್ಟಿಕೊಳ್ಳುತ್ತವೆ, ಆ ಕಾರಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಚಿತ್ರದಲ್ಲಿ ಈ ಎಳೆ ತೆಳುವಾಗಿದೆ, ಆದರೆ ಅದಕ್ಕೆ ಬದಲಾಗಿ ಕೊನೆಯಲ್ಲೊಂದು ಗಟ್ಟಿಯಾದ ದೃಶ್ಯವಿದೆ. ಕೂಜಾ ಆ ವಸ್ತುವನ್ನು ಹಿಡಿದು ಬಾಗಿಲಿನ ಕಡೆ ನಡೆಯುತ್ತಿರುವಾಗ ಮಗಳು ತಡೆಯುತ್ತಾಳೆ. ಅವಳನ್ನು ಕೊಲ್ಲು ಎನ್ನುತ್ತದೆ ಆ ಶಕ್ತಿ. ದೇವರು ಅಬ್ರಹಾಮನಿಂದ ಮಗನನ್ನು ಬಲಿ ಕೇಳಿದ ಕಥೆಯನ್ನು ಓದಿದ ಯಾರಿಗೂ ಇದರ ಪ್ರತಿಧ್ವನಿ ಕೇಳಿಸದಿರದು. ಕೂಜಾ ಮಾಡುವುದು ಅಬ್ರಹಾಮನ ತದ್ವಿರುದ್ಧ. ನನ್ನ ಮಗಳನ್ನು ಕೊಂದು ನಿನಗೆ ರುಜುವಾತು ಕೊಡಬೇಕಾದರೆ ನೀನು ಯಾರು, ಇದು ನಿನ್ನದೇ ಆಗಿದ್ದರೆ ನೀನೇ ಏಕೆ ಒಯ್ಯಲಾರೆ ಎಂಬ ಅರ್ಥದಲ್ಲಿ ಅವನು ತಿರುಗಿ ಕೇಳುತ್ತಾನೆ. ಅದನ್ನು ಗೆಲ್ಲುವುದು ಈ ಪ್ರಶ್ನೆ. ಆಮೇಲೆ ಬೆಳಕಿನ ಕಿರಣಗಳನ್ನು ಚಿಮ್ಮಿಸುವ ಆಯುಧದಿಂದ ನಡೆಯುವ ಕಾಳಗ ನನಗೆ ಸಪ್ಪೆಯೆನಿಸುತ್ತದೆ, ನಿಮ್ಮ ಆಟದಲ್ಲಿ ಅದನ್ನು ಅನುಕರಿಸಬೇಡಿ. ದೂರದಿಂದ ಬಂದ ಅಪರಿಚಿತ ವೀರ ಬಂದು ಕೊನೆಯ ಏಟು ಹಾಕುವ ಅಂತ್ಯಕ್ಕಿಂತ ಆಟಗಾರರಿಗೆ ಬೇಸರ ತರುವ ಅಂತ್ಯ ಇನ್ನೊಂದಿಲ್ಲ.

ಇನ್ನು ಮೊಲಸಾರ್‌ನ ರೂಪ. ಮೊದಲು ಅದು ಹೊಗೆ ಮತ್ತು ಬೆಳಕು. ಸಾವುಗಳು ಹೆಚ್ಚಿದಂತೆ ಅದಕ್ಕೆ ದೇಹ ಬರುತ್ತದೆ, ಹಂತಹಂತವಾಗಿ ಗಟ್ಟಿಯಾಗುತ್ತದೆ. ಇದನ್ನು ಆಟದಲ್ಲಿ ಕಾಲಮಾಪಕದಂತೆ ಬಳಸಬಹುದು. ಆಟಗಾರರ ಯಾವ ಕೃತ್ಯದಿಂದ ಅದು ಬೆಳೆಯುತ್ತದೆ ಎಂದು ತೀರ್ಮಾನಿಸಿಕೊಂಡು, ಪ್ರತಿ ಹಂತದಲ್ಲಿ ಅದಕ್ಕೆ ಒಂದು ಹೊಸ ಸಾಮರ್ಥ್ಯ ಕೊಡಿ.

ಇದನ್ನೆಲ್ಲ ಸೇರಿಸಿ ನಾನು ಕಟ್ಟಿದ ಒಂದು ಸನ್ನಿವೇಶವನ್ನು ಹೇಳುತ್ತೇನೆ. ಯುದ್ಧದಿಂದ ಓಡಿಬಂದ ನಿರಾಶ್ರಿತರು ಚಳಿಗಾಲದಲ್ಲಿ ಒಂದು ಕೋಟೆಮಠಕ್ಕೆ ಬರುತ್ತಾರೆ. ಆಟಗಾರರ ಪಾತ್ರಗಳು ಅವರ ಮುಂದಾಳುಗಳು. ಅಲ್ಲಿ ಉಳಿದಿರುವವನು ಒಬ್ಬ ಮುದಿ ಸನ್ಯಾಸಿ. ಅವನು ದಿನವೂ ಸಂಜೆ ಗೋಡೆಯ ಗೂಡುಗಳಲ್ಲಿರುವ ಏಳು ದೀಪಗಳನ್ನು ಹಚ್ಚುತ್ತಾನೆ, ಬಾಯಲ್ಲಿ ಏನೋ ಗೊಣಗುತ್ತಾನೆ. ಕೋಟೆಯಲ್ಲಿರುವ ಎಣ್ಣೆ ದೀಪಗಳಿಗೆ ಸಾಲುವಷ್ಟಿದೆ, ಅಥವಾ ಮಕ್ಕಳಿರುವ ಕೋಣೆಯನ್ನು ಬೆಚ್ಚಗಿಡಲು ಸಾಲುವಷ್ಟಿದೆ, ಎರಡಕ್ಕೂ ಸಾಲದು. ದೀಪವೊಂದು ಆರಿದ ಮೊದಲ ರಾತ್ರಿ ನೆಲದಡಿಯಿಂದ ಧ್ವನಿ ಬರುತ್ತದೆ. ಇನ್ನೊಂದು ಆರಿದರೆ ಆ ಧ್ವನಿಗೆ ನಿರಾಶ್ರಿತರ ಹೆಸರುಗಳು ಗೊತ್ತಿರುತ್ತವೆ. ಮೂರನೆಯದು ಆರಿದಾಗ ಜ್ವರದಿಂದ ಸಾಯಲಿದ್ದ ಮಗುವೊಂದು ಎದ್ದು ಕುಳಿತು ಊಟ ಕೇಳುತ್ತದೆ. ಮಗು ನಿಜವಾಗಿಯೂ ಗುಣವಾಗಿದೆ, ಅದರಲ್ಲಿ ಮೋಸವಿಲ್ಲ.

ಸನ್ಯಾಸಿ ಸತ್ತ ಮೇಲೆ ನಿಜವಾದ ಆಟ ಶುರುವಾಗುತ್ತದೆ. ಒಮ್ಮೆ ಇದನ್ನು ಆಡಿಸುವಾಗ ಆಟಗಾರ್ತಿಯೊಬ್ಬರು ಯಾವ ದೇವರನ್ನೂ ನಂಬದ ಸೇನಾ ವೈದ್ಯೆಯ ಪಾತ್ರ ವಹಿಸಿದ್ದರು. ಕೆಲಸ ಮಾಡುತ್ತಿದ್ದದ್ದು ಎಣ್ಣೆಯೋ, ಬೆಳಕೋ, ಮುದುಕನ ಪ್ರಾರ್ಥನೆಯೋ ಎಂದು ಅವರು ನನ್ನನ್ನು ನೇರವಾಗಿ ಕೇಳಿದರು. ಹಚ್ಚಿ ನೋಡಿ ಎಂದೆ. ಅವರು ದಾಳಕ್ಕೆ ಕೈಹಾಕದೆ, ಮುದುಕ ಗೊಣಗುತ್ತಿದ್ದದ್ದರಲ್ಲಿ ತಮಗೆ ನೆನಪಿದ್ದ ಅರ್ಧಂಬರ್ಧ ಪದಗಳನ್ನು ಹೇಳುತ್ತ ಒಂದೊಂದೇ ದೀಪ ಹಚ್ಚಿದರು. ಪ್ರತಿ ದೀಪದ ನಡುವೆ, ನಾನು ಇದನ್ನು ನಂಬುವುದಿಲ್ಲ ಎಂದು ಪಾತ್ರದ ಧ್ವನಿಯಲ್ಲೇ ಸೇರಿಸುತ್ತಿದ್ದರು. ನನ್ನ ಟಿಪ್ಪಣಿಯಲ್ಲಿ ಉತ್ತರವಿತ್ತು. ಅದನ್ನು ಅವರು ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಎಚ್ಚರಿಕೆಯನ್ನು ಗಂಭೀರವಾಗಿ ಹೇಳಬೇಕಾಗಿದೆ. 'ದಿ ಕೀಪ್' ನಾಜಿಗಳ ಕಾಲದಲ್ಲಿ ನಡೆಯುತ್ತದೆ, ಅದರ ಮುಖ್ಯ ಪಾತ್ರವೊಂದು ಯಹೂದಿ. ಚಿತ್ರ ಆ ಇತಿಹಾಸವನ್ನು ಸಾಕಷ್ಟು ಗೌರವದಿಂದ ಬಳಸಿದೆಯೇ ಎಂಬ ಬಗ್ಗೆ ನನಗೇ ಅನುಮಾನವಿದೆ. ಕಲ್ಪಿತ ರಾಕ್ಷಸನನ್ನು ನಿಜವಾದ ನರಮೇಧದ ಪಕ್ಕದಲ್ಲಿ ನಿಲ್ಲಿಸಿದಾಗ ಎರಡನೆಯದು ಹಿನ್ನೆಲೆಯ ಪರದೆಯಾಗಿಬಿಡುವ ಅಪಾಯವಿದೆ. ಕೋಟೆಯ ರಚನೆಯನ್ನು ತೆಗೆದುಕೊಳ್ಳಿ, ಕಾಲವನ್ನು ಬಿಟ್ಟುಬಿಡಿ. ಜೀವಂತ ಧರ್ಮಗಳ ವಿಷಯದಲ್ಲಿಯೂ ಆಟಕ್ಕೆ ಮೊದಲೇ ಮೇಜಿನಲ್ಲಿರುವ ಎಲ್ಲರನ್ನೂ ಕೇಳಿ: ಯಾವುದು ಬೇಡ, ಯಾವುದು ಬಂದರೂ ತೆರೆಯ ಹಿಂದೆ ನಡೆಯಲಿ. ನಿಮ್ಮ ಎದುರು ಕುಳಿತವರಲ್ಲಿ ನಿಜವಾಗಿ ಪ್ರಾರ್ಥಿಸುವವರು ಇರುತ್ತಾರೆ, ಧರ್ಮದಿಂದ ಗಾಯಗೊಂಡು ಹೊರಬಂದವರೂ ಇರುತ್ತಾರೆ. ನನ್ನ ಮಟ್ಟಿಗೆ ಕಲ್ಪಿತ ವ್ರತ, ಕಲ್ಪಿತ ಸನ್ಯಾಸಿಗಳೇ ಒಳ್ಳೆಯದು. ಆಗ ಯಾರ ನಂಬಿಕೆ ಗೆದ್ದಿತು ಎಂಬ ಲೆಕ್ಕ ಹುಟ್ಟುವುದಿಲ್ಲ.

ಯಾವ ನಿಯಮಾವಳಿ ಬಳಸಬೇಕು ಎಂದು ಕೇಳುವವರಿಗೆ: 1981ರ 'ಕಾಲ್ ಆಫ್ ಕ್ತುಲು' ಮನಸ್ಸಿನ ಸ್ಥಿಮಿತವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ ತಂದಿತು, ಪಾತ್ರಗಳು ದುರ್ಬಲವಾಗಿರುವುದರಿಂದ ಕೋಟೆಗೆ ಅದು ಹೊಂದುತ್ತದೆ, ಆದರೆ ಅಲ್ಲಿ ಆಕಾಶದಿಂದ ನೆರವು ಬರುವ ಪ್ರಶ್ನೆಯೇ ಇಲ್ಲ, ಆದ್ದರಿಂದ ನಂಬಿಕೆಯ ಎಳೆಯನ್ನು ನೀವೇ ಹೆಣೆಯಬೇಕಾಗುತ್ತದೆ. 1991ರ 'ವ್ಯಾಂಪೈರ್: ದಿ ಮಾಸ್ಕರೇಡ್' ನಿಜವಾದ ಶ್ರದ್ಧೆಯನ್ನು ವಸ್ತುವಿನಿಂದ ಬಿಡಿಸಿ ವ್ಯಕ್ತಿಯಲ್ಲಿ ಇಟ್ಟಿತು, ಶಿಲುಬೆ ಹಿಡಿದವರೆಲ್ಲ ಪಿಶಾಚಿಯನ್ನು ತಡೆಯಲಾರರು, ಆ ಶ್ರದ್ಧೆಯಿರುವ ಅಪರೂಪದ ಮನುಷ್ಯ ಮಾತ್ರ ತಡೆಯಬಲ್ಲ. ಇದು ನಮ್ಮ ವಿಷಯಕ್ಕೆ ಹತ್ತಿರದ ನಿಯಮ. ನೀವು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಬಿಡಲೊಲ್ಲಿರಾದರೆ ಒಂದೇ ಬದಲಾವಣೆ ಮಾಡಿ. ಕೋಟೆಯ ಒಳಗೆ ಕ್ಲೆರಿಕ್‌ನ ಪ್ರೇತ ಓಡಿಸುವ ಶಕ್ತಿ ಗೋಡೆಯಲ್ಲಿರುವ ಗುರುತುಗಳಿಂದಲೇ ಬರುತ್ತದೆ ಎಂದು ಇಟ್ಟುಕೊಳ್ಳಿ, ಪ್ರತಿ ಬಳಕೆಗೂ ಒಂದು ಗುರುತು ಕಪ್ಪಾಗಲಿ. ಅದನ್ನು ಮುಚ್ಚಿಡಬೇಡಿ, ಮೊದಲ ಗುರುತು ಕಪ್ಪಾಗುವುದನ್ನು ಕ್ಲೆರಿಕ್ ಆಡುವವರ ಕಣ್ಣೆದುರೇ ವರ್ಣಿಸಿ, ಉಳಿದ ಗುರುತುಗಳನ್ನು ಕಾಗದದ ಮೇಲೆ ಚಿತ್ರಿಸಿ ಮೇಜಿನ ನಡುವೆ ಇಡಿ.